ಚಂದಮ್ಮ ಮೂರೆಲೆಗೆ ಕುಳಿತದ್ದು

ಶಹಾಬಾದದ ಬಸವಂತರಾಯರ ಮನೆಯಲ್ಲಿ ಆ ವರ್ಷದ ದೊಡ್ಡ ಜಗಳ ಶುರುವಾದದ್ದು ಸಂಕ್ರಾಂತಿಯ ಮರುದಿನ, ಉಳಿದ ಸಜ್ಜೆ ರೊಟ್ಟಿ ಮತ್ತು ಒಂದು ಕಾರ್ಡಿನ ಮೇಲೆ. ಕಾರ್ಡು ಚಿಂಚೋಳಿಯಿಂದ ಬಂದಿತ್ತು. ಮಗಳು ಚಂದಮ್ಮನ ಗಂಡನ ಚಿಕ್ಕಪ್ಪ ರೇವಣಪ್ಪ ಬರೆದಿದ್ದ: ಶಿವರಾತ್ರಿಯ ಹಿಂದಿನ ದಿನ ತಾನೇ ಬರುವುದಾಗಿಯೂ, ಸೊಸೆಯನ್ನು ತಯಾರು ಮಾಡಿ ಇಡಬೇಕಾಗಿಯೂ, ಬಿಳಿಜೋಳದ ರಾಶಿ ಬಂದಿರುವುದರಿಂದ ತಡ ಮಾಡಬಾರದಾಗಿಯೂ.

ಚಂದಮ್ಮ ತವರಿಗೆ ಬಂದು ಎಂಟು ತಿಂಗಳಾಗಿತ್ತು. ಗಂಡ ಇನ್ನೊಬ್ಬಳನ್ನು ಮಾಡಿಕೊಂಡ ವಾರದಲ್ಲೇ ಒಂದು ಟ್ರಂಕು ಹೊರಿಸಿಕೊಂಡು ಬಂದವಳು ಆಕೆ. ಆ ಎಂಟು ತಿಂಗಳಲ್ಲಿ ಆಕೆ ಸುಮ್ಮನಿದ್ದ ಹೊತ್ತನ್ನು ಓಣಿಯವರು ಬೆರಳ ಮೇಲೆ ಎಣಿಸಬಹುದಿತ್ತು. ಹಾಲಿನವಳ ಮೇಲೆ, ಬೆಕ್ಕಿನ ಮೇಲೆ, ಹಸಿ ಕಟ್ಟಿಗೆಯ ಮೇಲೆ, ಎಲ್ಲದರ ಮೇಲೂ ಒಂದೇ ದನಿ, ಅದೂ ಮೂರನೆಯ ಮನೆಗೆ ಕೇಳಿಸುವಂಥದ್ದು.

"ಎರಡನೇದಾಕಿ ಬಸುರಿ ಆಗ್ಯಾಳಂತ. ಮನಿಯಾಗ ಕೈ ಇಲ್ಲಂತ. ಹೋಗವ್ವಾ, ರಾಶಿ ಮುಗಿಯೂತನಾ ಆದ್ರೂ ಹೋಗು," ಎಂದಳು ತಾಯಿ ಶಿವಕಾಂತಮ್ಮ.

"ಬಸುರಾಗೂದು ಆಕಿ, ರಾಶಿ ಮಾಡೂದು ನಾನು? ಭಾಳ ಚೆಂದ ಹಂಚಿಕೊಂಡಾರ!"

"ಸಣ್ಣಾಗಿ ಮಾತಾಡs."

"ಯಾಕ ಸಣ್ಣಾಗಿ? ಅಂವ ಬ್ಯಾಂಡ್ ಬಾರಿಸಿ ಮಾಡಿಕೊಂಡಾನ. ಈ ರೊಟ್ಟಿ ಯಾರ ಸಲುವಾಗಿ ಇಷ್ಟು ಬಡದೀದಿ? ದನಾನೂ ತಿನ್ನಂಗಿಲ್ಲ ಇವು!"

ಅತ್ತಿಗೆ ವಿಮಲಾಬಾಯಿ ಒಲೆಯ ಮುಂದೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಪಡಸಾಲೆಯಲ್ಲಿ ಊಟಕ್ಕೆ ಕುಳಿತಿದ್ದ ಬಸವಂತರಾಯರು ನಗಲಿಲ್ಲ. ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ತಟ್ಟೆಯಲ್ಲಿನ ಭಜ್ಜಿಪಲ್ಯವನ್ನಾಗಲಿ ಇಸ್ಪೀಟಿನ ಎಲೆಯನ್ನಾಗಲಿ ಮೂಗಿನ ಹತ್ತಿರ ಒಯ್ದು ನೋಡಬೇಕಾಗಿತ್ತು. ಎದುರಿಗೆ ಕುಳಿತವರ ಮುಖವಂತೂ ಬರೀ ಒಂದು ಮಬ್ಬು. ಆದ್ದರಿಂದ ಅವರು ಮನುಷ್ಯರನ್ನು ದನಿಯಿಂದ ಅಳೆಯುತ್ತಿದ್ದರು. ದನಿ ಮಾಡದ ಮಗ ನಾಗೇಂದ್ರಪ್ಪ ಅವರ ಪಾಲಿಗೆ ಗಟ್ಟಿ ಆಳು. ಸ್ಟೇಷನ್ನಿನ ಪಕ್ಕದಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಮಾರುವ ವಖಾರ ಮುಂದೆ ಅವನದೇ ಎಂಬುದು ಯಾರೂ ಬಾಯಿಬಿಟ್ಟು ಹೇಳದ, ಎಲ್ಲರೂ ಒಪ್ಪಿಕೊಂಡ ಮಾತಾಗಿತ್ತು.

"ಕಾರ್ಡ್ ಬಂದದ. ರೇವಣಪ್ಪ ಬರತಾನ. ನೀ ಹೋಗತಿ," ಎಂದರು ಬಸವಂತರಾಯರು.

"ನಾ ಹೋಗಂಗಿಲ್ಲ."

"ಇಲ್ಲಿದ್ದು ಏನ್ ಮಾಡತಿ?"

"ವಖಾರದಾಗ ಕುಂದರತೀನಿ. ಗಿರಾಕಿ ಕೂಡ ಮಾತಾಡತೀನಿ."

ನಾಗೇಂದ್ರಪ್ಪ ತುತ್ತು ಬಾಯಿಗೆ ಒಯ್ಯುತ್ತಿದ್ದವನು ನಿಲ್ಲಿಸಿದ. ಬಸವಂತರಾಯರು ಅಂದರು: "ನೀ ಮಾತಾಡಿದ್ರ ಗಿರಾಕಿ ಸೊಲ್ಲಾಪುರತನಾ ಓಡತಾನ."

ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಆದರೆ ಆ ವಾರ ರೈಲ್ವೆ ಪಾರ್ಸಲ್ ಕ್ಲಾರ್ಕ್ ಅಬ್ದುಲ್ ಮಜೀದನಿಗೆ ಸಿಕಂದರಾಬಾದಿಗೆ ವರ್ಗವಾಯಿತು, ಮೂರೆಲೆಗೆ ನಾಲ್ಕನೆಯ ಕೈ ಇಲ್ಲದಂತಾಯಿತು.

ಮೂರೆಲೆ ಆ ಮನೆಯ ಹಳೆಯ ಇಸ್ಪೀಟಾಟ. ನಿಜಾಮನ ಕಾಲದಲ್ಲಿ ಶುಕ್ರವಾರದ ರಜೆಗೆ ನಡೆಯುತ್ತಿದ್ದದ್ದು ಪೊಲೀಸ್ ಆಕ್ಷನ್ ಆದ ಮೇಲೆ ರವಿವಾರಕ್ಕೆ ಬಂದಿತ್ತು. ಸರ್ಕಾರ ಬದಲಾದದ್ದು ಆ ಜಗಲಿಗೆ ಮುಟ್ಟಿದ್ದು ಅಷ್ಟೇ. ರೊಕ್ಕ ಇಡುತ್ತಿರಲಿಲ್ಲ. ವಖಾರದಲ್ಲಿ ಪಾಲಿಷ್ ಮಾಡುವಾಗ ಉಳಿದ ನುಣುಪು ಕಲ್ಲಿನ ಚೂರುಗಳು, ತಲೆಗೆ ಐವತ್ತು. ಎಲ್ಲರೂ ನಡುವೆ ಒಂದು ಕಲ್ಲು ಹಾಕಬೇಕು, ಮೂರು ಎಲೆ ಎತ್ತಿಕೊಳ್ಳಬೇಕು. ಆಮೇಲೆ ಸರದಿಯಂತೆ ಇನ್ನಷ್ಟು ಕಲ್ಲು ಹಾಕಿ ಉಳಿಯಬೇಕು, ಇಲ್ಲವೆ ಎಲೆ ಕೆಡವಿ ಏಳಬೇಕು. ಕೊನೆಗುಳಿದ ಇಬ್ಬರಲ್ಲಿ ಒಬ್ಬ ಕಲ್ಲು ಹಾಕಿ "ತೋರ್ಸು" ಅಂದಾಗಲೇ ಎಲೆ ಬಯಲಿಗೆ. ಎಲ್ಲರೂ ಹೆದರಿ ಎದ್ದರೆ ಉಳಿದವನು ಏನೂ ತೋರಿಸದೆ ಕಲ್ಲು ಬಾಚಿಕೊಳ್ಳಬಹುದು. ಆಟದ ಸೊಗಸೆಲ್ಲ ಆ ಕೊನೆಯ ಮಾತಿನಲ್ಲಿದೆ.

ಈ ಆಟಕ್ಕೊಂದು ಶಾಸ್ತ್ರವೂ ಇತ್ತು. ಅದನ್ನು ಒದಗಿಸಿದವರು ಯುನಾನಿ ಔಷಧ ಕೊಡುವ ಹಕೀಮ ಬಂದೇಅಲಿ ಸಾಹೇಬರು. ಮನುಷ್ಯರ ಮಿಜಾಜು ನಾಡಿಯಲ್ಲೇ ತಿಳಿಯುತ್ತದೆಂದೂ, ತಿಳಿದ ಮೇಲೆ ಆಟದಲ್ಲಿ ಗೆಲ್ಲುವವರಾರೆಂದು ಎಲೆ ಹಂಚುವ ಮೊದಲೇ ಹೇಳಬಹುದೆಂದೂ ಅವರ ನಂಬಿಕೆ. ನಾಗೇಂದ್ರಪ್ಪನದು ಬಲ್ಗಮಿ ಮಿಜಾಜು, ಬಾವಿಯ ನೀರಿನಂತೆ ತಂಪು. ಅಂಥವನು ಹುಟ್ಟಾ ಆಟಗಾರ. ಚಂದಮ್ಮನದು ಸಫ್ರಾವಿ, ಬರೀ ಪಿತ್ತ, ಬರೀ ಬೆಂಕಿ. ಅಂಥವರು ಎಲೆ ಹಿಡಿದರೆ ಎಲೆಯೇ ಸುಡುತ್ತದೆ. ಹಕೀಮರು ತಮ್ಮನ್ನೂ ಬಲ್ಗಮಿ ಎಂದೇ ಹೇಳಿಕೊಳ್ಳುತ್ತಿದ್ದರು. ಇಪ್ಪತ್ತು ವರ್ಷದಿಂದ ತಪ್ಪದೆ ಸೋಲುತ್ತಿದ್ದರು. ಅದಕ್ಕೆ ಹವೆ ಕಾರಣ.

"ಮೂರು ಮಂದಿಲೆ ಮಜಾ ಇಲ್ಲ, ರಾಯರ," ಎಂದರು ಹಕೀಮರು ಆ ರವಿವಾರ ಮಧ್ಯಾಹ್ನ.

ಚಾ ತಂದಿಟ್ಟ ಚಂದಮ್ಮ ಅಲ್ಲೇ ಕುಳಿತುಬಿಟ್ಟಳು. "ನನಗ ಹಂಚ್ರಿ."

"ಎದ್ದೇಳs! ಗಂಡಸರ ಜೋಡಿ ಇಸ್ಪೀಟೇನು!" ಒಳಗಿನಿಂದ ಶಿವಕಾಂತಮ್ಮ ಕೂಗಿದಳು.

"ಒಬ್ಬ ಅಪ್ಪ, ಒಬ್ಬ ಅಣ್ಣ. ಹಕೀಮ ಸಾಬ್ರು ನಾ ಹುಟ್ಟಿದಾಗ ಗುಟ್ಟಿ ಔಷಧ ಕುಡಿಸ್ಯಾರ. ಇದರಾಗ ಗಂಡಸರು ಯಾರವ್ವಾ?"

ಹಕೀಮರು ಕೆಮ್ಮಿದರು. ಬಸವಂತರಾಯರು ಎಲೆ ಕಲಸುವ ಕೈ ನಿಲ್ಲಿಸಿದರು. ಆಕೆ ಮುಂದುವರಿದಳು: "ಅಪ್ಪಾ, ಒಂದು ಕರಾರು. ಮೂರು ರವಿವಾರ ಆಡತೀನಿ. ಅಣ್ಣನ ಕಲ್ಲೆಲ್ಲಾ ನನ್ನ ಕಡಿ ಬಂದ್ರ ನಾ ವಖಾರದಾಗ ಕುಂದರತೀನಿ. ಬರಲಿಲ್ಲಂದ್ರ ರೇವಣಪ್ಪ ಮಾವನ ಹಿಂದ ಬಾಯಿ ಮುಚಗೊಂಡು ಹೋಗತೀನಿ."

"ಬಾಯಿ ಮುಚಗೊಂಡು?" ಎಂದರು ರಾಯರು. ಆ ಮಾತೇ ಅವರನ್ನು ಒಪ್ಪಿಸಿತೆಂದು ಕಾಣುತ್ತದೆ. "ಆತು. ಕುಂದ್ರು."

ಮೊದಲ ಎಲೆ ಎತ್ತಿದವಳೇ ಚಂದಮ್ಮ ಕೂಗಿದಳು: "ಥೂ! ಇವೇನು ಎಲಿ, ಸತ್ತ ಹೆಣದಂಥಾವು!"

ಮೂವರೂ ನಗುತ್ತ ಕಲ್ಲು ಹಾಕಿದರು. ಕೊನೆಗೆ ತೋರಿಸಿದಾಗ ಅವಳ ಕೈಯಲ್ಲಿ ಮೂರು ರಾಜ. ಎರಡನೆಯ ಸಲವೂ "ಥೂ" ಅಂದಳು. ಮೋಸ ಎಂದು ಮೂವರೂ ಎಲೆ ಕೆಡವಿದರು. ಆಕೆ ಏನೂ ತೋರಿಸದೆ ಕಲ್ಲು ಉಡಿಗೆ ಸುರಿದುಕೊಂಡಳು. ಮೂರನೆಯ ಸಲ ಎಲೆ ನೋಡದೆ ಒಳಗಿದ್ದ ಅತ್ತಿಗೆಗೆ ಕೂಗಿದಳು: "ವೈನೀ, ಹಾಲು ಉಕ್ಕಾಕತ್ತದ! ಅಣ್ಣಾ, ಎಂಟು ಕಲ್ಲು! ವೈನೀ, ಕೇಳಸ್ತಿಲ್ಲೋ!"

ಹಾಲಿಗೆ ಕೂಗುವ ದನಿ ಮತ್ತು ಎಂಟು ಕಲ್ಲಿಗೆ ಕೂಗುವ ದನಿ ಒಂದೇ ಆಗಿತ್ತು. ರಾಯರು ಕಿವಿ ನಿಮಿರಿಸಿದರು, ಏನೂ ಸಿಗಲಿಲ್ಲ.

"ಸಫ್ರಾ ಏರದ," ಎಂದರು ಹಕೀಮರು. "ಏರಿದಾಗ ಒಂದೆರಡು ಸಲ ಹಿಂಗ ಗೆಲ್ಲೂದುಂಟು. ಇಳದ ಮ್ಯಾಲ ನೋಡ್ರಿ." ಸಂಜೆ ಔಷಧಾಲಯದಿಂದ ಒಂದು ಭರಣಿ ಗುಲ್ಕಂದ ಕಳಿಸಿದರು, ಪಿತ್ತ ಇಳಿಯಲೆಂದು. ಚಂದಮ್ಮ ರೊಟ್ಟಿಗೆ ಹಚ್ಚಿಕೊಂಡು ತಿಂದಳು.

ನಾಗೇಂದ್ರಪ್ಪನ ಆಟ ಬೇರೆ ಥರದ್ದು. ಅವನು ಮಾತಾಡುತ್ತಿರಲಿಲ್ಲ. ಹುಬ್ಬು ಅಲುಗುತ್ತಿರಲಿಲ್ಲ. ಎಲೆ ಒಳ್ಳೆಯದಿದ್ದರೂ ಕೆಟ್ಟದ್ದಿದ್ದರೂ ಮುಖ ಚಪ್ಪಡಿಯಂತೆ. ಆದರೆ ಕೆಟ್ಟ ಎಲೆ ಹಿಡಿದು ಜಾಸ್ತಿ ಕಲ್ಲು ಹಾಕಬೇಕಾದಾಗ ಅವನ ಎಡಗೈ ಮೆಲ್ಲಗೆ ಮೇಲೆದ್ದು ಕೊರಳಿನ ಬೆಳ್ಳಿ ಕರಡಿಗೆಯ ಮೇಲೆ ಹೋಗಿ ಕೂರುತ್ತಿತ್ತು. ಒಳಗಿನ ಲಿಂಗಕ್ಕೆ ತಪ್ಪಾಯಿತು ಅನ್ನುವ ಹಾಗೆ. ಅವನಿಗೆ ಅದು ಗೊತ್ತಿರಲಿಲ್ಲ. ರಾಯರಿಗೆ ಕಾಣುತ್ತಿರಲಿಲ್ಲ. ಹಕೀಮರಿಗೆ ನಾಡಿಯೊಂದು ಬಿಟ್ಟು ಕೈಯಲ್ಲಿ ಬೇರೇನೂ ನೋಡುವ ರೂಢಿ ಇರಲಿಲ್ಲ.

ಚಂದಮ್ಮ ಎರಡನೆಯ ರವಿವಾರ ಅದನ್ನು ನೋಡಿದಳು. ರಾತ್ರಿಯ ಅಡಿಗೆಗೆ ಪುಂಡಿಪಲ್ಯ ಸೋಸುತ್ತ ಕೇಳಿದಳು: "ವೈನೀ, ಅಣ್ಣ ಕರಡಿಗಿ ಯಾಕ ಹಿಡೀತಾನ?"

ವಿಮಲಾಬಾಯಿ ತಲೆ ಎತ್ತಲಿಲ್ಲ. "ಹೋಟೆಲ್ನ್ಯಾಗ ಭಜಿ ತಿಂದು ಬಂದು, ಇಲ್ಲ ಅಂದಾಗ ಹಿಡೀತಾರ. ನಿಮ್ಮವ್ವ ಮಾಡಿದ ಸಾರು ಚೊಲೋ ಅದ ಅಂದಾಗ ಹಿಡೀತಾರ. ಹದಿಮೂರು ವರ್ಷ ಆತು, ನಾ ಕೈ ನೋಡೇ ಸಂಸಾರ ಮಾಡೀನಿ."

"ಮತ್ತ ನನಗ್ಯಾಕ ಹೇಳಲಿಲ್ಲ?"

"ಗಂಡನ ಎಲಿ ಹೆಂಗ ತೋರಸ್ಲಿ? ನೀನ ನೋಡಿದಿ, ಈಗ ಪಾಪ ನಂದಲ್ಲ," ಎಂದು ವಿಮಲಾಬಾಯಿ ಕಡ್ಡಿಗಳನ್ನು ಬುಟ್ಟಿಗೆ ಎಸೆದಳು.

ಮೂರನೆಯ ರವಿವಾರ ಬಿಸಿಲು ಜಗಲಿಯಿಂದ ಇಳಿಯುವುದರೊಳಗೆ ನಾಗೇಂದ್ರಪ್ಪನ ಮುಂದೆ ಒಂದೂ ಕಲ್ಲು ಉಳಿಯಲಿಲ್ಲ. ಅವನು ಸಿಟ್ಟಾಗಲಿಲ್ಲ. "ಆಡತಾಳ," ಎಂದಷ್ಟೇ ಹೇಳಿ ಎದ್ದು ದನಕ್ಕೆ ಹುಲ್ಲು ಹಾಕಲು ಹೋದ.

"ಅಪ್ಪಾ, ವಖಾರದ ಕೀಲಿ," ಎಂದು ಚಂದಮ್ಮ ಕೈ ಚಾಚಿದಳು.

ಬಸವಂತರಾಯರು ಮಾತು ತಪ್ಪುವವರಲ್ಲವೆಂದು ಊರಲ್ಲಿ ಹೆಸರು. ಆ ಹೆಸರಿಗೆ ಧಕ್ಕೆ ಬರದ ಹಾಗೆ ತಪ್ಪುವುದು ಹೇಗೆಂದು ಅವರು ಸ್ವಲ್ಪ ಹೊತ್ತು ಯೋಚಿಸಿದರು. "ಕಲ್ಲಿನ ಚೂರು ಬ್ಯಾರೆ, ಕಲ್ಲಿನ ಯಾಪಾರ ಬ್ಯಾರೆ. ಹೆಣ್ಮಗಳು ಸ್ಟೇಷನ್ ಬಾಜೂಕ ಕುಂತ್ರ ಮಂದಿ ಏನಂದಾರು?"

"ಕರಾರು ಮಾಡೂ ಮುಂದ ಮಂದಿ ಎಲ್ಲಿಗಿ ಹೋಗಿದ್ರು?"

"ಹಕೀಮ ಸಾಬ್ರು ಹೇಳ್ಯಾರ, ಇದು ಪಿತ್ತದ ಗೆಲುವು."

"ಅಂದ್ರ ಸೋತ್ರ ನಂದು, ಗೆದ್ರ ಪಿತ್ತದ್ದು! ಹಕೀಮ ಸಾಬ್ರ, ಹಂಗಾರ ಆ ಪಿತ್ತಕ್ಕ ಕೀಲಿ ಕೊಡಸ್ರಿ!"

ಹಕೀಮರು ಚಪ್ಪಲಿ ಹುಡುಕತೊಡಗಿದರು. ಶಿವಕಾಂತಮ್ಮ ಒಳಗಿನಿಂದ ಬಂದು ಚಿಂಚೋಳಿಗೆ ಒಯ್ಯಲಿಕ್ಕೆಂದು ಹುರಿದಿಟ್ಟ ಶೇಂಗಾದ ಡಬ್ಬಿಯನ್ನು ಜಗಲಿಯ ಮೇಲೆ ಇಟ್ಟಳು. ಚಂದಮ್ಮ ಅದರ ಮುಚ್ಚಳ ತೆಗೆದು, ಎಲ್ಲರೂ ನೋಡುತ್ತಿದ್ದಂತೆ ಒಂದು ಹಿಡಿ ಬಾಯಿಗೆ ಹಾಕಿಕೊಂಡಳು. ನಾಲ್ಕು ದಿನದಲ್ಲಿ ಡಬ್ಬಿ ಖಾಲಿ ಮಾಡಿದಳು.

ಆ ನಾಲ್ಕನೆಯ ದಿನವೇ ಸೇಡಂದಿಂದ ಠೇಕೇದಾರ ದೇವಿಂದ್ರಪ್ಪ ಬಂದ. ಒಂದು ಹೊಸ ಶಾಲೆಯ ನೆಲಕ್ಕೆ ಅವನಿಗೆ ಎರಡು ವ್ಯಾಗನ್ ಫರ್ಸಿ ಬೇಕಾಗಿತ್ತು. ರಾಯರಿಗೆ ಕಣ್ಣು ಕಾಣದಾದ ಮೇಲೆ ದೊಡ್ಡ ಮಾತುಕತೆ ಮನೆಯ ಪಡಸಾಲೆಯಲ್ಲೇ ನಡೆಯುತ್ತಿತ್ತು. ದಸರೆಯಲ್ಲೂ ದೀಪಾವಳಿಯಲ್ಲೂ ಇದೇ ದೇವಿಂದ್ರಪ್ಪ ಬಂದು, ನಾಗೇಂದ್ರಪ್ಪನಿಂದ ಬಾಯಿಗೆ ಬಂದ ದರಕ್ಕೆ ಕಲ್ಲು ಒಯ್ದಿದ್ದ. ಬಲ್ಗಮಿ ಮಗ ಎಲೆಯಲ್ಲೂ ಸೋತ, ಗಿರಾಕಿಯ ಮುಂದೆಯೂ ಸೋಲುತ್ತಾನೆ, ಇದು ಯಾಕೆ ಎಂದು ರಾಯರು ಹಕೀಮರನ್ನು ಕೇಳಿಯೂ ಇದ್ದರು. ಹವೆ, ಎಂದಿದ್ದರು ಹಕೀಮರು.

"ನೂರು ಚದರಡಿಗಿ ಹದಿನೆಂಟು ರೂಪಾಯಿ, ನಿಜಾಮನ ಸಿಕ್ಕಾ ಅಲ್ಲ, ಕಲ್ದಾರ," ಎಂದ ದೇವಿಂದ್ರಪ್ಪ, ಗೋಡೆಗೆ ಒರಗುತ್ತ.

"ಇಪ್ಪತ್ತೆರಡಕ್ಕಿಂತ ಕಡಿಮಿ ಆಗಂಗಿಲ್ರಿ," ಎಂದ ನಾಗೇಂದ್ರಪ್ಪ. ಮುಖ ಚಪ್ಪಡಿ. "ಬ್ಯಾರೆ ಗಿರಾಕೀನೂ ಕೇಳ್ಯಾರ." ಎಡಗೈ ಮೆಲ್ಲಗೆ ಮೇಲೆದ್ದಿತು.

ದೇವಿಂದ್ರಪ್ಪನ ಕೊರಳಲ್ಲೂ ಅಂಥದೇ ಕರಡಿಗೆ ಇತ್ತು. ಅದನ್ನು ಯಾವಾಗ ಮುಟ್ಟುತ್ತಾರೆಂದು ಅವನಿಗೆ ಯಾವ ಹಕೀಮರೂ ಹೇಳಿಕೊಡಬೇಕಾಗಿರಲಿಲ್ಲ. ಅವನು ನಾಗೇಂದ್ರಪ್ಪನ ಮುಖ ನೋಡುತ್ತಲೇ ಇರಲಿಲ್ಲ. ಕೊರಳನ್ನೇ ನೋಡುತ್ತಿದ್ದ. ನಕ್ಕು ಹೇಳಿದ: "ಹದಿನೇಳೂವರಿ ಮಾಡ್ರಿ ಹಂಗಾರ."

ಅಡಿಗೆಮನೆಯ ಹೊಸ್ತಿಲಲ್ಲಿ ನಿಂತಿದ್ದ ಚಂದಮ್ಮ ಒಳಗೆ ಹೋದಳು. ಎರಡು ದೊಡ್ಡ ಹಿತ್ತಾಳೆ ಚಂಬುಗಳಿಗೆ ಅಂಚಿನ ತನಕ ಮಜ್ಜಿಗೆ ತುಂಬಿದಳು. "ಇಷ್ಟು ತುಂಬ್ತಾರೇನs? ಚೆಲ್ಲತದ," ಎಂದಳು ಶಿವಕಾಂತಮ್ಮ. ಚಂದಮ್ಮ ಕೇಳಿಸಿಕೊಳ್ಳದೆ ಹೊರಗೆ ಬಂದು ಒಂದನ್ನು ಅಪ್ಪನ ಕೈಗೂ ಒಂದನ್ನು ಅಣ್ಣನ ಕೈಗೂ ಕೊಟ್ಟಳು.

"ಎರಡೂ ಕೈಲೆ ಹಿಡಕೋ ಅಣ್ಣಾ, ಚೆಲ್ಲಿದ್ರ ನೆಲ ಒರಸೂದು ನಾನು! ವೈನೀ, ಇದಕ್ಕ ಉಪ್ಪು ಹಾಕಿಲ್ಲ ನೀ! ದೇವಿಂದ್ರಪ್ಪ ಮಾವಾರ, ನಿಮಗ ಗಿಲಾಸಿನ್ಯಾಗ ತರತೀನಿ, ಕುಂದ್ರಿ. ಅಣ್ಣಾ, ನೀ ಯಾಕ ಇವರ ಹೊತ್ತು ಹಾಳು ಮಾಡಾಕತ್ತೀದಿ? ವಾಡಿ ಠೇಕೇದಾರನ ಆಳು ಮುಂಜಾನಿ ಬಂದಿದ್ನಲ್ಲ, ಆ ಎರಡು ವ್ಯಾಗನ್ ಅವಂಗ ಇಪ್ಪತ್ತಮೂರಕ್ಕ ಅಂತ ಅಪ್ಪ ಮಾತು ಕೊಟ್ಟಾನ. ವೈನೀ! ಉಪ್ಪು ಅಂದೆ!"

ದೇವಿಂದ್ರಪ್ಪ ಅವಳ ಮುಖ ನೋಡಿದ. ಉಪ್ಪಿನ ಸಿಟ್ಟು ಬಿಟ್ಟು ಅಲ್ಲಿ ಏನೂ ಇರಲಿಲ್ಲ. ನಾಗೇಂದ್ರಪ್ಪನ ಕೊರಳು ನೋಡಿದ. ಅವನ ಎರಡೂ ಕೈ ಚಂಬಿಗೆ ಅಂಟಿದ್ದವು, ಮಜ್ಜಿಗೆ ಅಂಚಿನಲ್ಲಿ ನಡುಗುತ್ತಿತ್ತು. ಕೊನೆಗೆ ರಾಯರನ್ನು ನೋಡಿದ. "ಖರೇನ್ರಿ, ರಾಯರ? ಮಾತು ಕೊಟ್ಟೀರಿ?"

ಮುಂಜಾನೆಯಿಂದ ಆ ಮನೆಗೆ ಹಾಲಿನವಳನ್ನು ಬಿಟ್ಟು ಯಾರೂ ಬಂದಿರಲಿಲ್ಲ. ಬಸವಂತರಾಯರು ಪೊರೆ ಬಂದ ಕಣ್ಣುಗಳನ್ನು ದೇವಿಂದ್ರಪ್ಪನಿದ್ದ ಕಡೆ ತಿರುಗಿಸಿದರು. ಆ ಕಣ್ಣುಗಳಲ್ಲಿ ಓದಲಿಕ್ಕೆ ಏನೂ ಇರಲಿಲ್ಲ. ಚಂಬನ್ನು ಎರಡೂ ಕೈಯಿಂದ ಎತ್ತಿ ಒಂದು ಗುಟುಕು ಕುಡಿದರು.

"ಉಪ್ಪು ಕಡಿಮಿ ಅದ," ಎಂದರು. ಆಮೇಲೆ, "ವಾಡಿಯವರು ಭಾಳ ಗಡಿಬಿಡಿ ಮಂದಿ," ಎಂದರು.

ಇಪ್ಪತ್ತಮೂರೂವರೆಗೆ ಮಾತು ಮುಗಿಯಿತು. ಮುಂಗಡ ಇಟ್ಟು ಹೋಗುವಾಗ ದೇವಿಂದ್ರಪ್ಪ ಬಾಗಿಲಲ್ಲಿ ನಿಂತು, ಉಪ್ಪಿನ ಜಗಳ ಮುಂದುವರಿಸಿದ್ದ ಚಂದಮ್ಮನನ್ನು ಇನ್ನೊಂದು ಸಲ ನೋಡಿದ.

ಅವನು ತಿರುವು ದಾಟಿದ ಮೇಲೆ ನಾಗೇಂದ್ರಪ್ಪ ಚಂಬನ್ನು ಕೆಳಗಿಟ್ಟ. ಅವನು ದನಿ ಎತ್ತಿದ್ದನ್ನು ಆ ಮನೆಯವರು ಅಂದೇ ಮೊದಲ ಸಲ ಕೇಳಿದ್ದು.

"ವಾಡಿಯಿಂದ ಯಾರು ಬಂದಿದ್ರು?"

"ಯಾರ್ ಬಂದ್ರೇನು, ಕಲ್ಲು ಹೋತು."

"ನನ್ನ ಕೈ ಕಟ್ಟಿದಿ ನೀನು. ಚಂಬು ಕೊಟ್ಟು ಕೈ ಕಟ್ಟಿದಿ!"

"ಕಟ್ಟಿದೆ. ನೀ ಸುಳ್ಳ ಹೇಳೂ ಮುಂದ ಕರಡಿಗಿ ಹಿಡೀತಿ. ದಸರಾದಾಗೂ ಹಿಡದಿ, ದೀಪಾವಳಿಗೂ ಹಿಡದಿ. ದೇವಿಂದ್ರಪ್ಪ ನಿನ್ನ ಕೊಳ್ಳ ನೋಡೇ ದರಾ ಕಟ್ಟತಾನ."

ನಾಗೇಂದ್ರಪ್ಪ ಹೆಂಡತಿಯ ಕಡೆ ತಿರುಗಿದ. ವಿಮಲಾಬಾಯಿ ಉಪ್ಪಿನ ಡಬ್ಬಿ ಹಿಡಿದು ನೆಲ ನೋಡುತ್ತಿದ್ದಳು. ಅವಳಿಗೂ ಗೊತ್ತಿತ್ತೆಂದು ಅವನಿಗೆ ತಿಳಿಯಿತು. ತಂಗಿಯ ಕಡೆ ತಿರುಗಿ ಹೇಳಿದ: "ಲಿಂಗ ಕಟಗೊಂಡು ಸುಳ್ಳ ಹೇಳಾಕ ನನಗ ಬರಂಗಿಲ್ಲ. ಅದು ತಪ್ಪೇನು?"

"ತಪ್ಪಲ್ಲ. ಅದಕ್ಕ ಅಂತೀನಿ, ನೀ ಕಲ್ಲಿನ ಖಣಿಗಿ ಹೋಗು. ಯಾವ ಪದರ ಎಲ್ಲಿ ಒಡೀತದ ಅಂತ ನಿನ್ನಂಗ ಹೇಳಾಂವ ರಾವೂರತನಾ ಇಲ್ಲ. ದರದ ಜಗಳ ನನಗ ಬಿಡು."

"ಮತ್ತ ನಿನ್ನ ಕೊಳ್ಳಾಗ ಲಿಂಗ ಇಲ್ಲೇನು?" ಶಿವಕಾಂತಮ್ಮ ಕೇಳಿದಳು.

"ಅದಾನಲ್ಲ. ಎಂಟು ತಿಂಗಳಿಂದ ಎಲ್ಲಾ ನೋಡ್ಯಾನ. ನನ್ನ ಮ್ಯಾಲ ಅಂವಗ ಸಿಟ್ಟಿಲ್ಲ."

ಬಸವಂತರಾಯರು ಸೊಂಟದಿಂದ ಕೀಲಿ ಬಿಚ್ಚಿದರು. ಕೊಡಲಿಲ್ಲ, ನೆಲದ ಮೇಲೆ, ತಮ್ಮ ಪಕ್ಕಕ್ಕೆ ಇಟ್ಟು, ಬೇರೆ ಕಡೆ ಮುಖ ತಿರುಗಿಸಿ ಕುಳಿತರು. ಚಂದಮ್ಮ ತೆಗೆದುಕೊಂಡಳು. ಮರುದಿನ ಮಂದಿ ಅಂದರು, ಅನ್ನಬೇಕಾದದ್ದನ್ನೆಲ್ಲ ಅಂದರು. ವಾರದೊಳಗೆ ಅವರಲ್ಲೇ ಇಬ್ಬರು ಬಚ್ಚಲಿಗೆ ಕಲ್ಲು ಕೇಳಲು ಬಂದು, ದರಕ್ಕೆ ಜಗಳಾಡಿ, ಸೋತು, ಒಯ್ದರು.

ಶಿವರಾತ್ರಿಯ ಹಿಂದಿನ ದಿನ ರೇವಣಪ್ಪ ಹೇಳಿದಂತೆಯೇ ಬಂದ. ಮೋಟಾರು ಇಳಿದು ಟಾಂಗಾ ಮಾಡಿಕೊಂಡು ಬಂದಿದ್ದ. "ನಿಂದ್ರು, ತಿರುಗಿ ಹೋಗೂ ಮುಂದ ಎರಡು ಸವಾರಿ," ಎಂದು ಟಾಂಗಾದವನಿಗೆ ಹೇಳಿ ಒಳಗೆ ಬಂದು, ಕಾಲು ತೊಳೆದು, ಶಿವಕಾಂತಮ್ಮ ಬಡಿಸಿದ ಊಟ ಮಾಡಿ, ಸೊಸೆ ಎಲ್ಲಿ ಎಂದ. ವಖಾರದಲ್ಲಿ ಎಂದರು. ಅವನಿಗೆ ಅರ್ಥವಾಗಲಿಲ್ಲ. ಹೋಗಿ ನೋಡಿದ.

ಚಂದಮ್ಮ ಫರ್ಸಿಯ ಗುಡ್ಡೆಯ ಮೇಲೆ ಕುಳಿತು ಹಮಾಲರ ಮೇಲೆ ಕೂಗುತ್ತಿದ್ದಳು. ಅವನನ್ನು ಕಂಡು ಸೆರಗು ತಲೆಯ ಮೇಲೆ ಎಳೆದುಕೊಂಡಳು. ಇಳಿಯಲಿಲ್ಲ.

"ನಡೀ ತಂಗಿ, ಟಾಂಗಾ ನಿಂತದ. ರಾಶಿ ಕಾಯಾಕತ್ತದ."

"ನಾ ಬರಂಗಿಲ್ರಿ ಮಾವಾ. ಅಲ್ಲೀ ಹಮಾಲಾ, ಆ ಮೂಲಿ ಒಡೀತದ, ತಳಗ ಹುಲ್ಲು ಹಾಕು! ಗುಲ್ಬರ್ಗಾದಾಗ ವಕೀಲರ ಕಡಿ ಕಾಗದ ಕೊಟ್ಟೀನಿ. ನನ್ನ ಬಂಗಾರ ತಿರುಗಿ ಕೊಡಬೇಕು, ಹೊಟ್ಟಿಗಿ ಬಟ್ಟಿಗಿ ಕೊಡಬೇಕು ಅಂತ. ನೋಟೀಸು ಬರತದ, ಓದಿಸಿಕೋರಿ. ಹುಲ್ಲು ಅಂದೆ, ಹುಲ್ಲು!"

ರೇವಣಪ್ಪ ಅರ್ಧ ಗಳಿಗೆ ಅವಳ ಮುಖ ನೋಡುತ್ತ ನಿಂತ. ಆಮೇಲೆ ಮನೆಗೆ ಬಂದು ಜಗಲಿಯ ಮೇಲೆ ಕುಳಿತ. ಬಸವಂತರಾಯರೂ ಹಕೀಮರೂ ಚಾ ಕುಡಿಯುತ್ತಿದ್ದರು. ನಾಗೇಂದ್ರಪ್ಪ ಖಣಿಯಿಂದ ಬಂದು ಮೈಮೇಲಿನ ಧೂಳು ಝಾಡಿಸುತ್ತಿದ್ದ.

"ಬೀಗರ, ಖರೇ ಹೇಳ್ರಿ. ಆಕಿ ವಕೀಲರ ಕಡಿ ಹೋಗ್ಯಾಳೋ, ಬರೇ ಹೆದರಸಾಕತ್ತಾಳೋ?"

"ಗೊತ್ತಿಲ್ರಿ," ಎಂದ ನಾಗೇಂದ್ರಪ್ಪ. ರೇವಣಪ್ಪ ಅವನ ಕೈ ನೋಡಿದನೋ ಇಲ್ಲವೋ. ಕೈ ಎರಡೂ ಕೆಳಗೇ ಇದ್ದವು.

"ಹಕೀಮ ಸಾಬ್ರ, ನೀವಾದ್ರೂ?"

"ಸಫ್ರಾವಿ," ಎಂದು ಹಕೀಮರು ಶುರು ಮಾಡಿ, ಏನೋ ನೆನಪಾದಂತೆ ಚಾ ಕುಡಿದರು.

ಬಸವಂತರಾಯರು ಚಾದ ಬಸಿಯನ್ನು ಕೆಳಗಿಟ್ಟರು. "ಮೂರು ರವಿವಾರ ಎದುರಿಗಿ ಕುಂತು ಆಡೀನಿ. ಆಕಿ ಕೈಯಾಗ ಏನದ ಅಂತ ನನಗ ಒಂದ್ಸಲಾನೂ ತಿಳದಿಲ್ಲ. ನೀವು ಎಲಿ ನೋಡಲೇಬೇಕು ಅಂದ್ರ ಮೊದಲು ನಡುವ ಕಲ್ಲು ಹಾಕಬೇಕು, ಬೀಗರ. ಹಾಕತೀರೇನು?"

ರೇವಣಪ್ಪ ತಿರುಗಿ ಕೊಡಬೇಕಾಗಿದ್ದ ಬಂಗಾರವನ್ನು ಮನಸ್ಸಿನಲ್ಲೇ ಒಂದು ಸಲ ತೂಗಿದಂತೆ ಕಂಡಿತು. ಎದ್ದು ತಲೆಯ ಪಟಗ ಸರಿ ಮಾಡಿಕೊಂಡ. ಟಾಂಗಾದವನು "ಎರಡು ಸವಾರಿ ಅಂದಿದ್ರಿ," ಎನ್ನುತ್ತಿದ್ದಂತೆ ಒಬ್ಬನೇ ಹತ್ತಿದ.

ಸಂಜೆ ಚಂದಮ್ಮ ಬಂದು ಕೀಲಿಯನ್ನು ಮೊಳೆಗೆ ಹಾಕಿದಳು. ಶಿವಕಾಂತಮ್ಮ ಒಲೆಯ ಮುಂದಿನಿಂದ ಎದ್ದು ಹತ್ತಿರ ಬಂದು, ಹೊರಗಿನವರಿಗೆ ಕೇಳಿಸದ ಹಾಗೆ ಕೇಳಿದಳು: "ನನ್ನ ಮುಂದಾದ್ರೂ ಹೇಳs. ಖರೇನೇ ಕಾಗದ ಕೊಟ್ಟೀದಿ?"

"ರೊಟ್ಟಿ ಸೀಯಾಕತ್ತದ ನೋಡವ್ವಾ!" ಎಂದು ಚಂದಮ್ಮ ಮೂರನೆಯ ಮನೆಗೆ ಕೇಳಿಸುವಂತೆ ಕೂಗಿದಳು.

ಶಿವಕಾಂತಮ್ಮ ತಿರುಗಿ ಓಡಿದಳು. ರೊಟ್ಟಿ ನಿಜವಾಗಿಯೂ ಸೀಯುತ್ತಿತ್ತು.